ಹ್ಯಾಲೋವೀನ್ ರಾತ್ರಿ ಮಕ್ಕಳನ್ನ ಕರ್ಕೊಂಡು ಮನೆಮನೆ ಸುತ್ತೋದು: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಗೊಂಬೆ ಎತ್ತಿಟ್ಟು ಇನ್ನೂ ಕೈ ತೊಳ್ಕೊಂಡಿರಲ್ಲ, ಅಷ್ಟರಲ್ಲಿ ನನ್ನ ಫೋನಿಗೆ ಅದೇ ಪ್ರಶ್ನೆಗಳು ಬರೋಕೆ ಶುರು. ಹೊಸದಾಗಿ ಬಂದಿರೋ ಕನ್ನಡದೋರು, ಮಗು ಈ ವರ್ಷ ಕಿಂಡರ್‌ಗಾರ್ಟನ್ ಸೇರಿದೆ, ಸ್ಕೂಲಿಂದ ಹ್ಯಾಲೋವೀನ್ ಬಗ್ಗೆ ಒಂದು ಕಿತ್ತಳೆ ಬಣ್ಣದ ಚೀಟಿ ಬಂದಿದೆ, ಏನ್ ಮಾಡ್ಬೇಕು ಅಕ್ಕಾ ಅಂತ. ಅವತ್ತು ಸಂಜೆ ಮಕ್ಕಳು ವೇಷ ಹಾಕ್ಕೊಂಡು ಮನೆಮನೆ ಬಾಗ್ಲಿಗೆ ಹೋಗಿ "ಟ್ರಿಕ್ ಆರ್ ಟ್ರೀಟ್" (ತಿಂಡಿ ಕೊಡ್ತೀರೋ, ಕೀಟಲೆ ಮಾಡ್ಲೋ) ಅಂತ ಕೇಳಿ ಕ್ಯಾಂಡಿ ತಗೊಂಡು ಬರ್ತಾರೆ, ಪ್ರಶ್ನೆಗಳೆಲ್ಲಾ ಅದರ ಬಗ್ಗೆನೇ. ನಾವು ಶಿಕಾಗೋ ಪಕ್ಕದ ನೇಪರ್‌ವಿಲ್ ಕಡೆ ಬಂದು ಹನ್ನೆರಡು ವರ್ಷ ಆಯ್ತು, ಇಬ್ರು ಮಕ್ಕಳು, ಅಷ್ಟೂ ವರ್ಷ ಒಂದೇ ಬೀದಿ ಸುತ್ತಿದೀವಿ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಎಲ್ಲಾ ಒಂದೇ ಕಡೆ ಬರ್ದಿಟ್ಬಿಡ್ತೀನಿ ಅಂತ ಕೂತೆ.

ಇದು ದೆವ್ವದ ಹಬ್ಬ ಅಂತಾರಲ್ಲ, ನಾವು ಮಾಡಬಹುದಾ?

ಮಾಡಬಹುದು, ಬಿಡಬಹುದು, ಯಾರೂ ಕೇಳಲ್ಲ. ನವೆಂಬರ್ 1 ಕ್ರೈಸ್ತರಿಗೆ ಎಲ್ಲಾ ಸಂತರ ದಿನ, ಅದರ ಹಿಂದಿನ ಸಾಯಂಕಾಲ ಈ ಹ್ಯಾಲೋವೀನ್. ಅದಕ್ಕೂ ಮುಂಚೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಬೆಳೆ ಮುಗ್ದು ಚಳಿಗಾಲ ಶುರುವಾಗೋ ಹೊತ್ತಿಗೆ ಸೌಇನ್ ಅಂತ ಒಂದು ಹಬ್ಬ ಇತ್ತು, ಆ ರಾತ್ರಿ ಸತ್ತೋರು ಈ ಕಡೆ ಬಂದು ಹೋಗ್ತಾರೆ ಅನ್ನೋ ನಂಬಿಕೆ. 19ನೇ ಶತಮಾನದಲ್ಲಿ ಆಲೂಗಡ್ಡೆ ಬೆಳೆ ಹಾಳಾಗಿ ಬರಗಾಲ ಬಿದ್ದಾಗ ಐರಿಷ್ ಜನ ರಾಶಿ ರಾಶಿ ಅಮೆರಿಕಕ್ಕೆ ಬಂದ್ರಲ್ಲ, ಅವರ ಜೊತೆ ಇದೂ ಬಂತು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡ್ತಿದ್ರು, ಇಲ್ಲಿ ಅದಕ್ಕಿಂತ ದೊಡ್ಡದು, ಕೊರೆಯೋಕೆ ಸುಲಭವಾದದ್ದು ಕುಂಬಳಕಾಯಿ ಸಿಕ್ತು, ಮುಗೀತು ಕಥೆ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲ್ವಾ? ಎರಡಕ್ಕೂ ಸಂಬಂಧ ಏನಿಲ್ಲ, ಆದ್ರೆ ಹೊಲದಲ್ಲಿ ತೆನೆ ತೂಗೋ ಕಾಲಕ್ಕೆ ಸತ್ತೋರ ನೆನಪು ಬರೋದು ಎಲ್ಲಾ ಊರಲ್ಲೂ ಇದ್ದದ್ದೇ. ಇವತ್ತಿನ ಹ್ಯಾಲೋವೀನ್‌ನಲ್ಲಿ ಪೂಜೆ ಇಲ್ಲ, ಮಂತ್ರ ಇಲ್ಲ, ಪ್ಲಾಸ್ಟಿಕ್ ಅಸ್ಥಿಪಂಜರ ಇದೆ ಅಷ್ಟೇ. ಮನಸ್ಸಿಗೆ ಒಗ್ಗಲ್ಲ ಅಂದ್ರೆ ಹೊರಗಿನ ಲೈಟ್ ಆರಿಸಿ ಒಳಗೆ ಸೀರಿಯಲ್ ನೋಡ್ತಾ ಕೂತ್ಕೊಳಿ. ಲೈಟ್ ವಿಷ್ಯಕ್ಕೆ ಮುಂದೆ ಬರ್ತೀನಿ.

ಮನೆಮನೆಗೆ ಹೋಗಿ ಕೈ ಚಾಚೋದು ಭಿಕ್ಷೆ ಅಲ್ವಾ? ನಮ್ಮತ್ತೆಗೆ ಇಷ್ಟ ಇಲ್ಲ.

ನಮ್ಮಮ್ಮನೂ ಮೊದಲ ಸಲ ಬಂದಾಗ ಇದನ್ನೇ ಅಂದಿದ್ದು. "ಮನೇಲಿ ಏನು ಕಮ್ಮಿ ಆಗಿದೆ ಅಂತ ಮಕ್ಕಳ ಕೈಲಿ ಬಕೆಟ್ ಕೊಟ್ಟು ಕಳಿಸ್ತೀಯೇ" ಅಂತ. ನಾನು ಏನೂ ವಾದ ಮಾಡ್ಲಿಲ್ಲ, "ಅಮ್ಮಾ, ಅಂಟಿಗೆ ಪಂಟಿಗೆಯೋರು ಬಂದ್ರೆ ನೀನು ಬಾಗ್ಲು ಹಾಕ್ಕೋತಿದ್ಯಾ?" ಅಂತ ಕೇಳ್ದೆ. ಸುಮ್ನಾದ್ರು.

ಗೊತ್ತಿಲ್ದೋರಿಗೆ ಹೇಳ್ತೀನಿ, ನಮ್ಮದು ಸಾಗರದ ಕಡೆ. ಮಲೆನಾಡಲ್ಲಿ ದೀಪಾವಳಿ ರಾತ್ರಿ ಗಂಡಸರ ಒಂದು ಗುಂಪು ದೀಪ ಹಿಡ್ಕೊಂಡು, ಅದು ಆರದ ಹಾಗೆ ನೋಡ್ಕೊಂಡು, ಕತ್ತಲಲ್ಲಿ ತೋಟ, ಗದ್ದೆ ಅಂಚು ಎಲ್ಲಾ ದಾಟಿ ಮನೆಯಿಂದ ಮನೆಗೆ ಹಾಡ್ತಾ ಬರ್ತಾರೆ. ಮನೆಯೋರು ಬಾಗ್ಲು ತೆಗ್ದು ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿ, ಕಾಯಿ, ದುಡ್ಡು, ಕಜ್ಜಾಯ ಕೊಟ್ಟು ಕಳಿಸ್ಬೇಕು. ಚಿಕ್ಕೋಳಿದ್ದಾಗ ನಿದ್ದೆಗಣ್ಣಲ್ಲಿ ಜಗಲಿಗೆ ಬಂದು ಆ ಹಾಡು ಕೇಳಿದ್ದು ನನಗೆ ಇನ್ನೂ ಕಿವೀಲಿದೆ. ಕೊಡೋದು ದಾನ ಅಲ್ಲ, ತಗೊಳೋದು ಭಿಕ್ಷೆನೂ ಅಲ್ಲ. ಇನ್ನು ಟ್ರಿಕ್ ಅನ್ನೋ ಭಾಗ ಬೇಕು ಅಂದ್ರೆ ಅದೂ ಇದೆ ನಮ್ಮ ಕಡೆ: ದೀಪಾವಳಿ ಹೊತ್ತಿಗೆ ಬರೋ ಬೂರೆ ಹಬ್ಬದ ರಾತ್ರಿ ಊರಿನ ಹುಡುಗರು ಯಾರ್ದೋ ಹಿತ್ತಿಲಿನ ಸೌತೆಕಾಯಿ, ಎಳನೀರು ಎಲ್ಲಾ ಕದಿಯೋರು, ಅವತ್ತು ಯಾರೂ ಬಯ್ಯೋ ಹಾಗಿಲ್ಲ. (ಬಯ್ತಿದ್ರು. ನಮ್ಮಜ್ಜ ಅಂತೂ ಬೆಳಗಾಗ್ತಿದ್ದ ಹಾಗೆ ಶುರು ಮಾಡೋರು.)

ನಮ್ಮೋರು, ಅಂದ್ರೆ ನನ್ನ ಗಂಡ, ಬೆಂಗಳೂರಿನೋರು, ಅವರಿಗೆ ಗಣೇಶನ ಹಬ್ಬ. ಹತ್ತು ಹುಡುಗ್ರು ಸೇರ್ಕೊಂಡು ಗೊತ್ತಿರೋರು ಗೊತ್ತಿಲ್ದೇ ಇರೋರು ಎಲ್ರ ಮನೆ ಬಾಗ್ಲಲ್ಲೂ ನಿಂತು "ಆಂಟಿ ಗಣೇಶ ಇಟ್ಟಿದೀರಾ?" ಅಂತ ಕೇಳಿ, ಅಕ್ಷತೆ ಹಾಕಿ, ಚರ್ಪು ತಿಂದು ಓಡೋದು, ಯಾರು ಜಾಸ್ತಿ ಗಣೇಶ ನೋಡಿದ್ರು ಅಂತ ಲೆಕ್ಕ ಇಡೋದು. ನನ್ನ ಮಗ ಈಗ ಮನೆ ಲೆಕ್ಕ ಇಡ್ತಾನಲ್ಲ, ಥೇಟ್ ಅದೇ. ಇದಕ್ಕೂ ಒಪ್ಪದ ಅತ್ತೆ ಇದ್ರೆ ಉಪನಯನದಲ್ಲಿ ವಟು "ಭವತಿ ಭಿಕ್ಷಾಂ ದೇಹಿ" ಅಂತ ಬೆಳ್ಳಿ ತಟ್ಟೆ ಹಿಡ್ಕೊಂಡು ಓಡಾಡೋದನ್ನ ನೆನಪಿಸಿ, ಆಮೇಲೆ ನನ್ನ ಹೆಸರು ಹೇಳ್ಬೇಡಿ.

ಎಷ್ಟು ಗಂಟೆಗೆ ಹೊರಡ್ಬೇಕು?

ಹಬ್ಬ ಅಕ್ಟೋಬರ್ 31ಕ್ಕೇ, ಯಾವ ವಾರ ಬಂದ್ರೂ. ಸಮಯ ಮಾತ್ರ ಊರಿಂದ ಊರಿಗೆ ಬೇರೆ, ಇಲ್ಲಿನ ಎಷ್ಟೋ ಸಬರ್ಬ್‌ಗಳಲ್ಲಿ ವಿಲೇಜ್ ಆಫೀಸಿನೋರೇ ಇಷ್ಟರಿಂದ ಇಷ್ಟರವರೆಗೆ ಅಂತ ಹಾಕಿಬಿಡ್ತಾರೆ, ಅದನ್ನ ಒಂದ್ಸಲ ನೋಡ್ಕೊಳಿ. ನಮ್ಮ ಕಡೆ ಅವತ್ತು ಸೂರ್ಯ ಮುಳುಗೋದು ಸಂಜೆ 5:45ರ ಸುಮಾರಿಗೆ. ಚಿಕ್ಕ ಮಕ್ಕಳಿದ್ರೆ 4:30ಕ್ಕೇ ಹೊರಟು ಕತ್ತಲಾಗೋದ್ರೊಳಗೆ ವಾಪಸ್ ಬನ್ನಿ. ದೊಡ್ಡೋರು ಬರೋದೇ ಕತ್ತಲಾದ್ಮೇಲೆ. 2007ಕ್ಕೆ ಮುಂಚೆ ಗಡಿಯಾರ ಹಿಂದಕ್ಕೆ ತಿರುಗಿಸೋದು ಅಕ್ಟೋಬರ್ ಕೊನೇ ಭಾನುವಾರ ಇತ್ತು, ಈಗ ನವೆಂಬರ್ ಮೊದಲ ಭಾನುವಾರಕ್ಕೆ ಹೋಗಿದೆ, ಹಾಗಾಗಿ ಮಕ್ಕಳಿಗೆ ಒಂದು ಗಂಟೆ ಬೆಳಕು ಜಾಸ್ತಿ.

8 ಗಂಟೆ ಮೇಲೆ ಯಾರ ಮನೆ ಬೆಲ್ಲೂ ಒತ್ಬೇಡಿ.

ಯಾವ ಮನೆಗೆ ಹೋಗ್ಬಹುದು ಅಂತ ಹೇಗೆ ಗೊತ್ತಾಗತ್ತೆ?

ಪೋರ್ಚ್ ಲೈಟ್. ಬಾಗ್ಲ ಮುಂದಿನ ದೀಪ ಉರೀತಿದ್ರೆ ಬನ್ನಿ ಅಂತ, ಆರಿದ್ರೆ ಬೇಡ ಅಂತ. ಎಷ್ಟೇ ಅಲಂಕಾರ ಇರ್ಲಿ, ಗೇಟಲ್ಲಿ ಹನ್ನೆರಡಡಿ ಬೇತಾಳ ನಿಂತಿರ್ಲಿ, ಲೈಟ್ ಇಲ್ಲ ಅಂದ್ರೆ ಮುಂದಿನ ಮನೆಗೆ ನಡೀರಿ.

ನನಗೆ ಈ ಒಂದು ನಿಯಮಕ್ಕೇ ಈ ಹಬ್ಬ ಇಷ್ಟ. ಈ ದೇಶದಲ್ಲಿ ಫೋನ್ ಮಾಡ್ದೆ ಯಾರ ಮನೆಗೂ ಹೋಗೋ ಹಾಗಿಲ್ಲ, ಸಕ್ಕರೆ ಖಾಲಿಯಾದ್ರೆ ಪಕ್ಕದ ಮನೆಗೆ ಲೋಟ ಹಿಡ್ಕೊಂಡು ಹೋಗೋದು ಅಂದ್ರೆ ಅವರು ಗಾಬರಿ ಆಗ್ತಾರೆ, ಗರಾಜ್ ಬಾಗ್ಲು ಎದ್ದಿತು, ಕಾರು ಒಳಗೆ ಹೋಯ್ತು, ಬಾಗ್ಲು ಬಿತ್ತು, ಅಷ್ಟೇ ನಮಗೆ ಕಾಣೋ ನೆರೆಹೊರೆ. ನಾವು ಮನೆ ತಗೊಂಡು ಏಳು ತಿಂಗಳಾಗಿತ್ತು, ಎದುರು ಮನೆ ಮುದುಕಪ್ಪನ ಹೆಸರು ಗೊತ್ತಿರ್ಲಿಲ್ಲ. ಹ್ಯಾಲೋವೀನ್ ದಿನ ಮಗಳ ಜೊತೆ ಬೆಲ್ ಒತ್ತಿದ್ಮೇಲೇ ಮಾತಾಡಿದ್ದು, ಆಮೇಲೆ ಆ ಚಳಿಗಾಲ ಪೂರ್ತಿ ನಮ್ಮ ಡ್ರೈವ್‌ವೇ ಹಿಮ ತೆಗೆಯೋಕೆ ಅವರೇ ಮಶೀನ್ ತಗೊಂಡು ಬಂದ್ರು.

ನಾವು ಅಪಾರ್ಟ್‌ಮೆಂಟಲ್ಲಿದೀವಿ, ನಮಗೆ ಹೇಗೆ?

ಕೆಲವು ಕಾಂಪ್ಲೆಕ್ಸಲ್ಲಿ ಆಫೀಸಿನೋರು ಬಾಗ್ಲಿಗೆ ಅಂಟಿಸೋಕೆ ಒಂದು ಚೀಟಿ ಕೊಡ್ತಾರೆ, ಅಂಟಿಸಿದ ಮನೆಗೆ ಮಾತ್ರ ಮಕ್ಕಳು ಹೋಗೋದು. ಇಲ್ಲದಿದ್ರೆ ಮನೆಗಳಿರೋ ಬೀದಿಯಲ್ಲಿ ಯಾರಾದ್ರೂ ಸ್ನೇಹಿತರಿದ್ರೆ ಅಲ್ಲಿಗೆ ಹೋಗಿ. "ಬೇರೆ ಏರಿಯಾದೋರು ಕಾರಲ್ಲಿ ಬಂದು ನಮ್ಮ ಕ್ಯಾಂಡಿ ಖಾಲಿ ಮಾಡ್ತಾರೆ" ಅಂತ ಗೊಣಗೋ ಜನ ಇದಾರೆ, ನಮ್ಮೋರಲ್ಲೂ ಇದಾರೆ, ಮೊನ್ನೆ ಮೊನ್ನೆ ತನಕ ಅಪಾರ್ಟ್‌ಮೆಂಟಲ್ಲಿದ್ದೋರೇ. ತಲೆ ಕೆಡಿಸ್ಕೋಬೇಡಿ. ಟ್ರಂಕ್ ಆರ್ ಟ್ರೀಟ್ ಅಂತ ಚರ್ಚು, ಸ್ಕೂಲಿನ ಪಾರ್ಕಿಂಗಲ್ಲಿ ಕಾರಿನ ಡಿಕ್ಕಿ ತೆಗ್ದು ಅಲಂಕಾರ ಮಾಡಿ ಕ್ಯಾಂಡಿ ಕೊಡೋದೂ ಇದೆ, ತುಂಬಾ ಚಿಕ್ಕ ಮಕ್ಕಳಿಗೆ ಅದು ಸುಲಭ, ಆದ್ರೆ ನನ್ನ ಕೇಳಿದ್ರೆ ಬಾಗ್ಲು ತಟ್ಟೋ ಮಜಾ ಅದರಲ್ಲಿಲ್ಲ.

ಏನ್ ವೇಷ ಹಾಕ್ಸೋದು? ದುಡ್ಡು ಎಷ್ಟಾಗತ್ತೆ?

ಅಂಗಡೀಲಿ 25ರಿಂದ 40 ಡಾಲರ್, ಒಂದೇ ರಾತ್ರಿಗೆ, ಮುಂದಿನ ವರ್ಷ ಚಿಕ್ಕದಾಗತ್ತೆ. ಎರಡು ವರ್ಷ ಕೊಂಡೆ, ಆಮೇಲೆ ಬುದ್ಧಿ ಬಂತು. ಊರಿಂದ ತಂದಿರೋ ಕೃಷ್ಣನ ಡ್ರೆಸ್ಸು, ಲಂಗ ದಾವಣಿ, ಪೇಟ ಎಲ್ಲಾ ಇದ್ದೇ ಇರತ್ತಲ್ಲ. ಮಗಳು ಮೂರನೇ ಕ್ಲಾಸಲ್ಲಿ ಒನಕೆ ಓಬವ್ವ ಆಗ್ತೀನಿ ಅಂದ್ಲು, ಕನ್ನಡ ಕ್ಲಾಸಲ್ಲಿ ಕಥೆ ಕೇಳಿ ಬಂದಿದ್ಲು. ಕಚ್ಚೆ ಸೀರೆ ಉಡಿಸಿ, ಕಾರ್ಡ್‌ಬೋರ್ಡ್ ರೋಲಿಗೆ ಕಂದು ಕಾಗದ ಸುತ್ತಿ ಒನಕೆ ಮಾಡಿ ಕೊಟ್ಟೆ. ಮೊದಲ ಮನೇಲಿ ಆಂಟಿ "ಓ, ಬೇಕರ್ ಆಗಿದೀಯಾ ಪುಟ್ಟಾ, ಎಷ್ಟು ದೊಡ್ಡ ಲಟ್ಟಣಿಗೆ!" ಅಂದ್ರು. ಎರಡನೇ ಮನೇಲೂ ಬೇಕರ್. ಮೂರನೇ ಮನೆಯಿಂದ ಇವಳು ಸುಮ್ನಿರದೆ ಚಿತ್ರದುರ್ಗದ ಕೋಟೆ, ಹೈದರಾಲಿ ಸೈನ್ಯ, ಕಿಂಡಿ, ತಲೆ ಮೇಲೆ ಒನಕೆ ಏಟು ಅಂತ ಪೂರ್ತಿ ಹೇಳೋಕೆ ಶುರು ಮಾಡಿದ್ಲು, ಹಿಂದೆ ಕ್ಯೂ ನಿಂತಿದ್ದ ಡೈನೋಸಾರ್ ಒಂದು ಅಳೋಕೆ ಶುರು ಮಾಡ್ತು.

ಪಾಠ ಏನಂದ್ರೆ ಒಂದು ಸಾಲಲ್ಲಿ ಹೇಳೋ ಹಾಗಿರೋ ವೇಷ ಹಾಕ್ಸಿ. ಇನ್ನೊಂದು, ಪರಿಚಯದೋರೊಬ್ರು ಮಗನಿಗೆ ರಾವಣನ ಹತ್ತು ತಲೆ ಮಾಡಿ ಕಟ್ಟಿದ್ರು, ಬಾಗ್ಲಲ್ಲಿ ಅಡ್ಡಡ್ಡ ನಡ್ಕೊಂಡು ಹೋಗ್ಬೇಕಾಯ್ತು ಪಾಪ. ಸ್ಕೂಲಿಗೆ ಹಾಕ್ಕೊಂಡು ಹೋಗೋದಾದ್ರೆ ಕತ್ತಿ, ಗನ್ನು, ಮುಖ ಮುಚ್ಚೋ ಮಾಸ್ಕ್ ಬಹಳ ಕಡೆ ಬಿಡಲ್ಲ, ಚೀಟಿ ಓದಿ.

ಅಕ್ಟೋಬರ್ ಕೊನೇಲಿ ಅಷ್ಟೊಂದು ಚಳಿ ಇರತ್ತಾ?

2019ರ ಹ್ಯಾಲೋವೀನ್ ದಿನ ಶಿಕಾಗೋದಲ್ಲಿ 3.4 ಇಂಚು ಹಿಮ ಬಿತ್ತು, ಈ ದಿನದ ದಾಖಲೆ ಅದು. ಮಗಳು ಎಲ್ಸಾ ಆಗಿದ್ಲು, ಹಿಮದ ರಾಣಿಗೆ ನಿಜವಾದ ಹಿಮ ಸಿಕ್ತು, ಆದ್ರೆ ನೀಲಿ ಗೌನಿನ ಮೇಲೆ ದಪ್ಪ ಜಾಕೆಟ್ ಹಾಕ್ಕೋ ಅಂದಿದ್ದಕ್ಕೆ ಅತ್ತಿದ್ದು ಬೀದಿಗೆಲ್ಲಾ ಕೇಳಿಸ್ತು. ವೇಷ ಒಂದು ಸೈಜ್ ದೊಡ್ಡದು ತಗೊಳಿ, ಜಾಕೆಟ್ ಒಳಗೆ ಹಾಕಿ, ವೇಷ ಮೇಲೆ. ಥರ್ಮಲ್ ಇದ್ರೆ ಇನ್ನೂ ಒಳ್ಳೇದು. ಅಪ್ಪಂದಿರಿಗೆ ಒಂದು ಫ್ಲಾಸ್ಕ್ ಕಾಫಿ.

ಕತ್ತಲಲ್ಲಿ ಮಕ್ಕಳು ತಪ್ಪಿಸ್ಕೊಂಡ್ರೆ?

ನನಗೆ ಆಗಿದೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ. ಮಗನಿಗೆ ನಾಲ್ಕು ವರ್ಷ, ಸ್ಪೈಡರ್‌ಮ್ಯಾನ್. ಏಳು ಗಂಟೆ ಇರ್ಬೇಕು, ಒಂದು ಮನೆ ಮುಂದೆ ಹದಿನೈದು ಮಕ್ಕಳು ಗುಂಪಾದ್ರು, ನಾನು ಇನ್ನೊಬ್ರ ಹತ್ರ ಮಾತಾಡ್ತಾ ಕೆಳಗೆ ಕೈ ಚಾಚಿದೆ, ಒಂದು ಪುಟ್ಟ ಕೈ ಬಂತು, ಹಿಡ್ಕೊಂಡು ಹೊರಟೆ. ಎರಡು ಮನೆ ದಾಟಿದೀವಿ, "ಕಾಲು ನೋಯ್ತಿದ್ಯಾ ಕಂದಾ" ಅಂತ ಕೇಳಿದ್ರೆ ಸ್ಪೈಡರ್‌ಮ್ಯಾನ್ ಸ್ಪ್ಯಾನಿಷಲ್ಲಿ ಏನೋ ಅಂದ. ಎದೆ ಧಸಕ್ ಅಂತು. ಹಿಂದೆ ತಿರುಗಿ ನೋಡಿದ್ರೆ ಅಲ್ಲಿ ಇನ್ನೊಬ್ಬ ತಾಯಿ ನನ್ನ ಸ್ಪೈಡರ್‌ಮ್ಯಾನ್ ಕೈ ಹಿಡ್ಕೊಂಡು ನನ್ನ ಹಾಗೇ ಬಾಯಿ ಬಿಟ್ಕೊಂಡು ನಿಂತಿದಾರೆ, ಇವನು ಆರಾಮಾಗಿ ಅವರ ಬ್ಯಾಗಿಂದ ಚಿಪ್ಸ್ ತಿಂತಿದಾನೆ. ಆ ಗುಂಪಲ್ಲಿ ಒಟ್ಟು ಮೂರು ಸ್ಪೈಡರ್‌ಮ್ಯಾನ್ ಇದ್ದ.

ಆವತ್ತಿಂದ ಕೈಗೊಂದು, ಕಾಲಿಗೊಂದು ಹೊಳೆಯೋ ಗ್ಲೋ ಸ್ಟಿಕ್ ಬಳೆ, ನಮ್ಮನೆಯೋರಿಗೆಲ್ಲಾ ಒಂದೇ ಬಣ್ಣ. ಫೋನ್ ನಂಬರ್ ಬರೆದ ಚೀಟಿ ವೇಷದ ಒಳಗೆ ಪಿನ್ ಮಾಡಿ.

ನಿಜವಾದ ಅಪಾಯ ಬೇರೆ ಇದೆ, ಅದು ಕಾರು. 42 ವರ್ಷದ ಅಪಘಾತದ ಲೆಕ್ಕ ತೆಗ್ದು ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು, ಬೇರೆ ಸಂಜೆಗಳಿಗೆ ಹೋಲಿಸಿದ್ರೆ ಹ್ಯಾಲೋವೀನ್ ಸಂಜೆ ನಡ್ಕೊಂಡು ಹೋಗೋರು ಕಾರಿಗೆ ಸಿಕ್ಕಿ ಸಾಯೋ ಸಾಧ್ಯತೆ 43 ಶೇಕಡಾ ಜಾಸ್ತಿ ಅಂತ. ಕಪ್ಪು ವೇಷ, ಕತ್ತಲು, ಓಡೋ ಮಕ್ಕಳು. ಬೀದಿಯ ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಮೂಲೇಲಿ ದಾಟಿ ಇನ್ನೊಂದು ಬದಿ ಹಿಡೀರಿ, ಅಡ್ಡಾದಿಡ್ಡಿ ಬೇಡ. ಕಣ್ಣು ಮುಚ್ಚೋ ಮಾಸ್ಕ್ ಬದ್ಲು ಮುಖಕ್ಕೆ ಬಣ್ಣ ಹಚ್ಚಿ. ಸ್ನೇಹಿತರ ಬೀದಿಗೆ ಕಾರಲ್ಲಿ ಹೋಗ್ತಿದ್ರೆ ನೀವೂ ಆಮೆ ಥರ ಓಡಿಸಿ.

ಅಪರಿಚಿತರು ಕೊಟ್ಟ ಕ್ಯಾಂಡೀಲಿ ವಿಷ, ಬ್ಲೇಡ್ ಇರತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು...

ಪ್ರತಿ ವರ್ಷ ಬರತ್ತೆ. ಡೆಲವೇರ್ ಯೂನಿವರ್ಸಿಟಿಯ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚೆಗಿನ ವರದಿಗಳನ್ನೆಲ್ಲಾ ಹುಡುಕಿ ನೋಡಿದಾರೆ, ಗುರುತಿಲ್ಲದ ಮನೆಯೋರು ಕೊಟ್ಟ ಕ್ಯಾಂಡಿಯಿಂದ ಮಗು ಸತ್ತ ಒಂದೇ ಒಂದು ಖಚಿತ ಕೇಸೂ ಅವರಿಗೆ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಾಸಲ್ಲಿ ಒಂದು ಹುಡುಗ ಸತ್ತ, ನಿಜ, ಆದ್ರೆ ವಿಷ ಹಾಕಿದ್ದು ಸ್ವಂತ ಅಪ್ಪ, ಇನ್ಶೂರೆನ್ಸ್ ದುಡ್ಡಿಗೆ. 1982ರಲ್ಲಿ ನಮ್ಮ ಇದೇ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಮಾತ್ರೇಲಿ ಯಾರೋ ಸಯನೈಡ್ ಹಾಕಿ ಏಳು ಜನ ಸತ್ರು, ಅದು ಹ್ಯಾಲೋವೀನ್‌ಗೆ ಒಂದು ತಿಂಗಳು ಮುಂಚೆ, ಆ ವರ್ಷದಿಂದ ಭಯ ಇನ್ನೂ ಗಟ್ಟಿ ಆಯ್ತು. ಇವತ್ತಿಗೂ ಆ ಕೇಸಲ್ಲಿ ಕೊಲೆಗಾರ ಯಾರು ಅಂತ ಸಾಬೀತಾಗಿಲ್ಲ.

ಮನೆಗೆ ಬಂದ್ಮೇಲೆ ಬಕೆಟ್ ಸುರಿದು ಕವರ್ ಹರಿದಿರೋದು, ತೆರೆದಿರೋದು ತೆಗ್ದು ಬಿಸಾಕಿ. ಅಷ್ಟು ಸಾಕು. ಆ ನೆಪದಲ್ಲಿ ಒಳ್ಳೇ ಚಾಕ್ಲೇಟ್ ಎತ್ತಿಟ್ಕೊಳೋದು ಹೆತ್ತೋರ ಹಕ್ಕು.

ನಾವು ಸಸ್ಯಾಹಾರಿಗಳು. ಯಾವ ಕ್ಯಾಂಡಿ ತಿನ್ಬಹುದು?

ಇಂಡಿಯಾದ ಥರ ಹಸಿರು ಚುಕ್ಕೆ ಇಲ್ಲಿಲ್ಲ, ನೀವೇ ಓದ್ಬೇಕು, ಅದರಲ್ಲೂ ಫನ್ ಸೈಜ್ ಅನ್ನೋ ಚಿಕ್ಕ ಕವರ್ ಮೇಲೆ ಪೂರ್ತಿ ಬರ್ದಿರಲ್ಲ ಎಷ್ಟೋ ಸಲ. ನೋಡ್ಬೇಕಾದ ಪದ ಜೆಲಟಿನ್, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರೋದು. ಗಮ್ಮಿ ಬೇರ್, ಮಾರ್ಷ್‌ಮ್ಯಾಲೋ, ಇಲ್ಲಿನ ಸ್ಟಾರ್‌ಬರ್ಸ್ಟ್ ಇವುಗಳಲ್ಲಿರತ್ತೆ. ಕ್ಯಾಂಡಿ ಕಾರ್ನ್‌ನಲ್ಲೂ ಸಾಮಾನ್ಯವಾಗಿ ಇರತ್ತೆ (ಮೇಣದ ಥರ ಇರತ್ತೆ ರುಚಿ, ಕಳ್ಕೊಳೋದು ಏನಿಲ್ಲ). ಕಿಟ್‌ಕ್ಯಾಟ್, ರೀಸಸ್, ಟ್ವಿಕ್ಸ್, ಹರ್ಷೀಸ್ ಬಾರ್‌ಗಳಲ್ಲಿ ಜೆಲಟಿನ್ ಇಲ್ಲ. ಮೊಟ್ಟೆನೂ ತಿನ್ನಲ್ಲ ಅನ್ನೋರು ಗಮನಿಸಿ, ಸ್ನಿಕರ್ಸ್, ಮಿಲ್ಕಿ ವೇ, ತ್ರೀ ಮಸ್ಕಟೀರ್ಸ್‌ನಲ್ಲಿ ಮೊಟ್ಟೆಯ ಬಿಳಿ ಭಾಗ ಇದೆ. ನಾನು ಮೂರು ವರ್ಷ ಸ್ನಿಕರ್ಸ್ ಅಮ್ಮನಿಗೆ ಕೊಟ್ಟು ಆಮೇಲೆ ಓದಿದ್ದು, ಅವರಿಗೆ ಇನ್ನೂ ಹೇಳಿಲ್ಲ.

ಇನ್ನೊಂದು, ಹೊಳಪು ಬರೋಕೆ ಕೆಲವು ಕ್ಯಾಂಡಿ ಮೇಲೆ ಕನ್ಫೆಕ್ಷನರ್ಸ್ ಗ್ಲೇಜ್ ಅಂತ ಬಳೀತಾರೆ, ಅದು ಅರಗು. ಹೌದು, ಪಾಂಡವರ ಅರಗಿನ ಮನೆಯ ಅರಗೇ, ಹುಳದಿಂದ ಬರೋದು. ಎಲ್ಲಿ ತನಕ ಓದ್ಬೇಕು ಅನ್ನೋದು ಅವರವರ ಮನಸ್ಸು.

ಮಕ್ಕಳಿಗೆ ಬಾಗ್ಲಲ್ಲಿ ನಿಂತು "ಇದ್ರಲ್ಲಿ ಜೆಲಟಿನ್ ಇದ್ಯಾ" ಅಂತ ಕೇಳ್ಬೇಡ ಅಂತ ಹೇಳಿ, ಕೊಟ್ಟಿದ್ದು ತಗೊಂಡು ಥ್ಯಾಂಕ್ಯೂ ಅನ್ಬೇಕು, ಮನೇಲಿ ಅಕ್ಕಪಕ್ಕದ ಮಕ್ಕಳ ಜೊತೆ ಅದಲು ಬದಲು ಮಾಡ್ಕೋಬಹುದು. ನಮ್ಮನೆ ನೆಲದ ಮೇಲೆ ರಾತ್ರಿ 8:30ಕ್ಕೆ ನಡೆಯೋ ವ್ಯಾಪಾರ ಎಪಿಎಂಸಿ ಯಾರ್ಡನ್ನ ಮೀರ್ಸತ್ತೆ.

ಹಸಿರು-ನೀಲಿ ಕುಂಬಳಕಾಯಿ ಇಟ್ಟಿದ್ರು ಒಂದು ಮನೆ ಮುಂದೆ, ಏನದು?

ಟೀಲ್ ಪಂಪ್ಕಿನ್. ಕಡ್ಲೆಕಾಯಿ, ಹಾಲು ಎಲ್ಲಾ ಅಲರ್ಜಿ ಇರೋ ಮಕ್ಕಳಿಗೆ ಅಲ್ಲಿ ತಿನ್ನೋದಲ್ಲದೆ ಪೆನ್ಸಿಲ್, ಸ್ಟಿಕರ್, ಬಳೆ ಥರದ್ದು ಸಿಗತ್ತೆ ಅಂತ ಗುರುತು. ಆಹಾರ ಅಲರ್ಜಿ ಬಗ್ಗೆ ಕೆಲಸ ಮಾಡೋ ಫೇರ್ ಅನ್ನೋ ಸಂಸ್ಥೆ 2014ರಲ್ಲಿ ದೇಶದಾದ್ಯಂತ ಶುರು ಮಾಡಿದ್ದು. ನಾವೂ ಇಡ್ತೀವಿ, ಒಂದು ಡಬ್ಬ ಪೆನ್ಸಿಲ್ ಐದು ಡಾಲರ್.

ಬಾಗ್ಲಲ್ಲಿ ಏನು ಹೇಳ್ಬೇಕು?

"ಟ್ರಿಕ್ ಆರ್ ಟ್ರೀಟ್", ಆಮೇಲೆ "ಥ್ಯಾಂಕ್ಯೂ". ಒಂದು ಮನೇಲಿ ಒಂದು. ಐಯೋವಾದ ಡೆಮೊಯ್ನ್ ಊರಲ್ಲಿ ದಶಕಗಳ ಕಾಲ ಇದನ್ನ ಅಕ್ಟೋಬರ್ 30ಕ್ಕೆ ಮಾಡ್ತಿದ್ರು, ಭಿಕ್ಷುಕರ ರಾತ್ರಿ ಅಂತ್ಲೇ ಹೆಸರು (ಅತ್ತೆಗೆ ಹೇಳ್ಬೇಡಿ), ಅಲ್ಲಿ ಮಕ್ಕಳು ಒಂದು ಜೋಕ್ ಹೇಳಿದ್ರೇ ಕ್ಯಾಂಡಿ. ಹಳೇ ಸ್ಕಾಟ್ಲೆಂಡ್, ಐರ್ಲೆಂಡಲ್ಲೂ ಹಾಡೋ ಪದ್ಯನೋ ಹೇಳಿ ತಗೋಬೇಕಿತ್ತಂತೆ. ನನಗದು ಸರಿ ಅನ್ಸತ್ತೆ, ಅಂಟಿಗೆ ಪಂಟಿಗೆಯೋರೂ ಸುಮ್ನೆ ಬಂದು ನಿಲ್ತಿರ್ಲಿಲ್ವಲ್ಲ.

ಒಬ್ರು ಮಕ್ಕಳ ಜೊತೆ ಹೋದ್ರೆ ಮನೇಲಿ ಯಾರು ಕೊಡೋದು?

ಒಬ್ರು ಸುತ್ತೋದು, ಒಬ್ರು ಕೊಡೋದು, ಅರ್ಧದಲ್ಲಿ ಬದಲಾಯ್ಸೋದು. ಇಬ್ರೂ ಹೋಗ್ಬೇಕು ಅಂದ್ರೆ ಬೋಗುಣಿಲಿ ಹಾಕಿ "ಒಂದು ತಗೊಳಿ" ಅಂತ ಬರ್ದಿಟ್ಟು ಹೋಗಿ, ಎಂಟನೇ ಕ್ಲಾಸಿನ ಹುಡುಗ್ರು ಒಂದು ಗುಂಪು ಬರೋ ತನಕ ಇರತ್ತೆ.

ಅಪ್ಪ ಅಮ್ಮ ಊರಿಂದ ಬಂದಿದ್ರೆ ಅವರನ್ನ ಕೂರ್ಸಿ, ಆದ್ರೆ ಮೊದ್ಲೇ ಲೆಕ್ಕ ಹೇಳಿ. ನಮ್ಮಮ್ಮನನ್ನ ಶಾಲು ಹೊದ್ಸಿ ಬಾಗ್ಲಲ್ಲಿ ಕುರ್ಚಿ ಹಾಕಿ ಕೂರ್ಸಿದ್ದೆ, 150 ಕ್ಯಾಂಡಿ. ಇಪ್ಪತ್ತು ನಿಮಿಷಕ್ಕೆ ಫೋನು, ಖಾಲಿ ಅಂತ. ಬಂದ ಮಗುವಿಗೆ ಒಂದು ಚಾಕ್ಲೇಟ್ ಕೊಟ್ಟು ಹೇಗೆ ಕಳ್ಸೋದು ಅಂತ ಎರಡೂ ಕೈಲಿ ಬೊಗಸೆ ಬೊಗಸೆ ಹಾಕಿದಾರೆ, ಆ ಸುದ್ದಿ ಬೀದಿಗೆಲ್ಲಾ ಹಬ್ಬಿ ಕೆಲವು ಮಕ್ಕಳು ಮಾಸ್ಕ್ ಬದಲಾಯಿಸ್ಕೊಂಡು ಎರಡನೇ ಸಲ ಬಂದಿದಾರೆ. ನಾನು ಓಡಿ ಬರೋದ್ರೊಳಗೆ ಅಮ್ಮ ಡಬ್ಬ ತೆಗ್ದು ಕೋಡುಬಳೆ ಶುರು ಮಾಡಿದ್ರು. ಮನೇಲಿ ಮಾಡಿದ್ದು, ಬಿಡಿಯಾಗಿರೋದು ಇಲ್ಲಿ ಕೊಡೋ ಹಾಗಿಲ್ಲ ಅಮ್ಮಾ, ಹೆತ್ತೋರು ಮನೆಗೆ ಹೋಗಿ ಬಿಸಾಕ್ತಾರೆ ಅಂತ ಹೇಳಿದ್ದಕ್ಕೆ "ಪ್ಲಾಸ್ಟಿಕ್ಕಲ್ಲಿ ಸುತ್ತಿದ್ರೆ ಮಾತ್ರ ನಂಬ್ತಾರಾ?" ಅಂತ ಕೇಳಿದ್ರು. ಉತ್ತರ ಇರ್ಲಿಲ್ಲ. ಎದುರು ಮನೆ ಮುದುಕಪ್ಪ ಮಾತ್ರ ನಾಲ್ಕು ತಗೊಂಡು ಹೋಗಿ ಮಾರನೇ ದಿನ ಇನ್ನೂ ಇದ್ಯಾ ಅಂತ ಬಂದ್ರು.

ಕುಂಬಳಕಾಯಿ ಕೊರೆಯೋದು ಹೇಗೆ? ಆಮೇಲೆ ಅಡುಗೆ ಮಾಡ್ಬಹುದಾ?

ಎರಡು ಮೂರು ದಿನ ಮುಂಚೆ ಕೊರೀರಿ, ಅದಕ್ಕೂ ಮೊದ್ಲೇ ಮಾಡಿದ್ರೆ ಬೂಸ್ಟು ಹಿಡ್ದು ಮುಖ ಒಳಗೆ ಕುಸಿಯತ್ತೆ, ಅಳಿಲು ಬೇರೆ ಕಣ್ಣು ಮೂಗು ತಿಂದ್ಹೋಗತ್ತೆ. ಮುಚ್ಚಳ ಓರೆಯಾಗಿ ಕತ್ತರಿಸಿ, ನೇರ ಕತ್ತರಿಸಿದ್ರೆ ಒಳಗೆ ಬೀಳತ್ತೆ. ಬೆಂಕಿ ದೀಪ ಬೇಡ, ಬ್ಯಾಟರಿ ದೀಪ ಸಾಕು, ಮಕ್ಕಳ ಉದ್ದ ಬಟ್ಟೆ ಪಕ್ಕದಲ್ಲೇ ಹಾಯತ್ತೆ.

ನಾವಿರೋ ಇಲಿನಾಯ್ ಕುಂಬಳಕಾಯಿ ರಾಜ್ಯ, ಅಮೆರಿಕದಲ್ಲೇ ಅತಿ ಹೆಚ್ಚು ಬೆಳೆಯೋದು ಇಲ್ಲಿ, ಅದರಲ್ಲಿ ಬಹುಪಾಲು ಪೈಗೆ ಅಂತ ಡಬ್ಬಿಗೆ ಹೋಗತ್ತೆ, ಮಾರ್ಟನ್ ಅನ್ನೋ ಊರಂತೂ ತನ್ನನ್ನ ಜಗತ್ತಿನ ಪಂಪ್ಕಿನ್ ರಾಜಧಾನಿ ಅಂತ ಕರ್ಕೊಳತ್ತೆ. ಆದ್ರೆ ಕೊರೆಯೋಕೆ ಮಾರೋ ದೊಡ್ಡ ಕಾಯಿ ನಾರು ನಾರು, ನೀರು ನೀರು. ಅಮ್ಮ ತಿರುಳು ಬಿಸಾಡೋಕೆ ಬಿಡ್ಲಿಲ್ಲ, ನಮ್ಮ ಕಡೆ ಇದಕ್ಕೆ ಚೀನಿಕಾಯಿ ಅಂತೀವಿ, ದೀಪಾವಳಿಗೆ ಚೀನಿಕಾಯಿ ಕಡುಬು ಆಗ್ಲೇಬೇಕು, ಮಾಡಿದ್ರು, ಸಪ್ಪೆ ಆಯ್ತು, ಬೆಲ್ಲ ಎರಡು ಪಟ್ಟು ಹಾಕಿ ಸರಿ ಮಾಡಿದ್ರು. ಕಡುಬಿಗೆ ಬೇಕಿದ್ರೆ ಪೈ ಪಂಪ್ಕಿನ್ ಅಂತ ಚಿಕ್ಕದು ಸಿಗತ್ತೆ, ಅದು ತಗೊಳಿ. ಬೀಜ ಮಾತ್ರ ಯಾವ ಕಾಯಿದಾದ್ರೂ ಉಪ್ಪು ಖಾರ ಹಾಕಿ ಹುರೀರಿ. ಕೊರೆದು ಹೊರಗಿಟ್ಟಿದ್ದನ್ನ ವಾಪಸ್ ಅಡುಗೆಗೆ ತರ್ಬೇಡಿ.

ಹಬ್ಬ ಆದ ಶನಿವಾರ ಇಲ್ಲಿ ಸುಮಾರು ಊರುಗಳಲ್ಲಿ ಪಂಪ್ಕಿನ್ ಸ್ಮ್ಯಾಶ್ ಮಾಡ್ತಾರೆ, ಎಲ್ರೂ ಕಾಯಿ ತಂದು ಎತ್ತಿ ಒಡೆಯೋದು, ಅದು ಗೊಬ್ಬರಕ್ಕೆ ಹೋಗತ್ತೆ. ನಮ್ಮೋರು ಮೊದಲ ಸಲ ನೋಡಿ "ಆಯುಧಪೂಜೆ ಲೇಟಾಗಿ ಮಾಡ್ತಿದಾರೆ, ಕುಂಕುಮ ಎಲ್ಲಿ?" ಅಂದ್ರು.

ದೀಪಾವಳಿ ಅದೇ ದಿನ ಬಂದ್ರೆ?

2024ರಲ್ಲಿ ಬಂತಲ್ಲ, ಅಕ್ಟೋಬರ್ 31 ಗುರುವಾರ, ನರಕ ಚತುರ್ದಶಿ. ಬೆಳಗಿನ ಜಾವ ಎಣ್ಣೆ ಸ್ನಾನ, ಸ್ಕೂಲು, ಆಫೀಸು, ಸಂಜೆ ಬಾಗ್ಲಿಗೆ ರಂಗೋಲಿ ಹಾಕಿ ಹಣತೆ ಸಾಲು ಇಟ್ವಿ, ಗಾಳಿಗೆ ಅರ್ಧ ಆರ್ತು, ಉಳಿದಿದ್ದಕ್ಕೇ ಬೀದಿಯಲ್ಲಿ ನಮ್ಮನೆಯೇ ಎದ್ದು ಕಾಣ್ತಿತ್ತು. ಒಂದು ಪುಟ್ಟ ಮಾಟಗಾತಿ ರಂಗೋಲಿ ತುಳೀಬಾರ್ದು ಅಂತ ಸುತ್ತು ಹಾಕ್ಕೊಂಡು ಬಂತು, ಯಾರೂ ಹೇಳಿರ್ಲಿಲ್ಲ. ಮಗ ನರಕಾಸುರ ಆಗಿದ್ದ, ಅವನ ವೇಷಕ್ಕೆ ಎರಡು ಹಬ್ಬದಲ್ಲೂ ಜಾಗ ಇತ್ತು.

ಮಿಕ್ಕಿದ ಕ್ಯಾಂಡಿ ಏನ್ ಮಾಡೋದು?

ಕೆಲವು ಡೆಂಟಿಸ್ಟ್‌ಗಳು ಪೌಂಡ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಗೊಂಡು ಸೈನಿಕರಿಗೆ ಕಳಿಸ್ತಾರೆ. ನಮ್ಮನೇಲಿ ಮಿಕ್ಕಿದ್ದು ಆಫೀಸಿಗೆ ಹೋಗತ್ತೆ. ನಾಯಿ ಇದ್ರೆ ಚಾಕ್ಲೇಟ್ ಅದಕ್ಕೆ ಎಟುಕದ ಹಾಗಿಡಿ, ಅದಕ್ಕದು ವಿಷ.

ಕೊಡೋ ಕ್ಯಾಂಡಿ ಮಧ್ಯದಲ್ಲೇ ಖಾಲಿ ಆದ್ರೆ?

ಲೈಟ್ ಆರಿಸಿ ಒಳಗೆ ಹೋಗಿ. ಅಷ್ಟೇ.

ನಾವು ಒಂದ್ಸಲ ಅಷ್ಟಕ್ಕೇ ಬಿಡ್ಲಿಲ್ಲ. ಬೆಂಗಳೂರಲ್ಲಿ ತೊಂಬತ್ತರ ದಶಕದಲ್ಲಿ "ನಾಳೆ ಬಾ" ಅಂತ ಗೋಡೆ, ಬಾಗ್ಲ ಮೇಲೆಲ್ಲಾ ಬರೀತಿದ್ರಲ್ಲ, ರಾತ್ರಿ ಒಂದು ದೆವ್ವ ಬಂದು ಪರಿಚಯದೋರ ದನೀಲಿ ಕರೆಯತ್ತೆ, ಬಾಗ್ಲು ತೆಗೆದ್ರೆ ಕಥೆ ಮುಗೀತು, ಅದಕ್ಕೆ ನಾಳೆ ಬಾ ಅಂತ ಬರ್ದಿದ್ರೆ ಓದ್ಕೊಂಡು ವಾಪಸ್ ಹೋಗತ್ತೆ, ಮಾರನೇ ದಿನ ಬಂದ್ರೆ ಮತ್ತೆ ನಾಳೆ ಬಾ. ನಮ್ಮೋರಿಗೆ ಚಿಕ್ಕಂದಿನಲ್ಲಿ ಅದರ ಭಯಕ್ಕೆ ಬಾತ್‌ರೂಮಿಗೆ ಹೋಗೋಕೂ ಜೊತೆ ಬೇಕಿತ್ತಂತೆ. ಆ ವರ್ಷ 7:30ಕ್ಕೆ ಕ್ಯಾಂಡಿ ಖಾಲಿಯಾದಾಗ ಇವರಿಗೆ ಹುರುಪು ಬಂದು ಕಾರ್ಡ್‌ಬೋರ್ಡ್ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ನಾಳೆ ಬಾ ಅಂತ ಬರ್ದು ಬಾಗ್ಲಿಗೆ ತೂಗು ಹಾಕಿ ಲೈಟ್ ಆರಿಸಿದ್ರು. ಪಕ್ಕದ ತೆಲುಗಿನೋರು ನೋಡಿ ನಕ್ಕು, ನಮ್ಮಲ್ಲೂ "ಓ ಸ್ತ್ರೀ ರೇಪು ರಾ" ಅಂತ ಬರೀತಿದ್ವಿ ಅಂದ್ರು. ಉಳಿದೋರಿಗೆ ಏನೋ ಭಯಂಕರ ಮಂತ್ರ ಅನ್ನಿಸಿರ್ಬೇಕು.

ಮಾರನೇ ದಿನ ನವೆಂಬರ್ 1, ನಾನು ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅಂತ ಹಳದಿ ಕೆಂಪು ಶಾಲು ಇಸ್ತ್ರಿ ಮಾಡ್ತಿದ್ದೆ, ಬೆಲ್ ಆಯ್ತು. ಬಾಗ್ಲು ತೆಗೆದ್ರೆ ಹಿಂದಿನ ಬೀದಿಯ ಕನ್ನಡದೋರ ಹುಡುಗ, ಏಳು ವರ್ಷ ಇರ್ಬೇಕು, ವೇಷ ಇಲ್ಲ, ಮಾಮೂಲಿ ಬಟ್ಟೆ, ಕೈಲಿ ಕಿತ್ತಳೆ ಬಕೆಟ್.

"ನಾಳೆ ಬಾ ಅಂತ ಬರ್ದಿದ್ರಲ್ಲ ಆಂಟಿ" ಅಂದ.